ನಡೆದು ಬರುವವರ ಕಟ್ಟು

ಆಟದ ಎಲೆಗಳನ್ನು ಅವರು ಎಡಗೈ ಬೆರಳುಗಳ ಸಂದಿಯಲ್ಲಿ ಉದ್ದಕ್ಕೆ ನಿಲ್ಲಿಸಿಕೊಳ್ಳುತ್ತಿದ್ದರು. ತೋರುಬೆರಳು ಮತ್ತು ನಡುಬೆರಳಿನ ನಡುವೆ ಎರಡು, ಅದರ ಪಕ್ಕದ ಸಂದಿಯಲ್ಲಿ ಎರಡು, ಕಿರುಬೆರಳಿನ ಬಳಿ ಒಂದು. ಬೀಸಣಿಗೆಯ ಹಾಗೆ ಬಿಡಿಸಿ ಹಿಡಿಯುವುದನ್ನು ಎಷ್ಟು ಸಲ ತೋರಿಸಿಕೊಟ್ಟರೂ ಅವರಿಗೆ ಒಗ್ಗಲಿಲ್ಲ. ಹದಿನಾರು ವರ್ಷ ಅದೇ ಸಂದಿಗಳಲ್ಲಿ ಹತ್ತರ, ಇಪ್ಪತ್ತರ, ಐವತ್ತರ ನೋಟುಗಳನ್ನು ಮಡಚಿ ಸಿಕ್ಕಿಸಿಕೊಂಡು, ಓಡುವ ಬಸ್ಸಿನಲ್ಲಿ ಕಂಬಕ್ಕೆ ಸೊಂಟ ಆನಿಸಿ ನಿಂತು ಟಿಕೆಟ್ ಕೊಟ್ಟ ಕೈ ಅದು.

ರಾಮಮೂರ್ತಿ ನಗರದಲ್ಲಿ ನಾನು ಬಾಡಿಗೆಗಿದ್ದ ಕಟ್ಟಡದ ಎರಡನೇ ಮಹಡಿಯಲ್ಲಿ ಎರಡೇ ಬಾಗಿಲುಗಳಿದ್ದವು. ಒಂದು ನನ್ನದು, ಎದುರಿನದು ಈ ಕಂಡಕ್ಟರ್ ಅಕ್ಕನದು. ರಾಯಚೂರು ಕಡೆಯವರು. ವಯಸ್ಸು ನಲವತ್ತೈದರ ಆಸುಪಾಸು. ಗಂಡ ಎಂದೋ ತೀರಿಹೋಗಿದ್ದರು. ಮಗಳು ಊರಿನಲ್ಲಿ ಇವರ ತಮ್ಮನ ಮನೆಯಲ್ಲಿದ್ದುಕೊಂಡು ಪಿಯುಸಿ ಓದುತ್ತಿದ್ದಳು. ಎರಡು ತಿಂಗಳಿಗೊಮ್ಮೆ ಅಕ್ಕ ಹೋಗಿ ನೋಡಿ ಬರುತ್ತಿದ್ದರು. ಊರಿನ ಹತ್ತಿರದ ಡಿಪೋಗೆ ವರ್ಗ ಕೇಳಿ ಆರು ವರ್ಷದಿಂದ ಅರ್ಜಿ ಹಾಕುತ್ತಲೇ ಇದ್ದರು. ಬೆಳಗಿನ ಪಾಳಿಯಿದ್ದರೆ ನಾನು ಏಳುವ ಮೊದಲೇ ಅವರ ಬಾಗಿಲಿಗೆ ಬೀಗ ಬಿದ್ದಿರುತ್ತಿತ್ತು. ಮಧ್ಯಾಹ್ನ ಮೂರಕ್ಕೆ ಹಿಂದಿರುಗಿದಾಗ ಮೆಟ್ಟಿಲಿನ ಮೇಲೆ ಅವರ ಹೆಜ್ಜೆ ಹತ್ತಿದಷ್ಟೂ ನಿಧಾನವಾಗುತ್ತಿತ್ತು. ಮೊದಲ ಮಹಡಿಯ ತಿರುವಿನಲ್ಲಿ ಒಂದು ಸಲ ನಿಲ್ಲುತ್ತಿದ್ದರು. ಅಲ್ಲಿ ನಿಂತು ಏನು ಮಾಡುತ್ತೀರೆಂದು ಕೇಳಿದ್ದೆ. "ಏನಿಲ್ಲ, ಕಾಲು ಬರಲಿ ಅಂತ ಕಾಯ್ತೀನಿ," ಎಂದಿದ್ದರು.

ಒಂದು ವರ್ಷ ನಮ್ಮ ನಡುವೆ ನಲ್ಲಿಯ ನೀರು, ಗ್ಯಾಸು, ಒಣಹಾಕಿದ ಬಟ್ಟೆ ಇಷ್ಟರದೇ ಮಾತು. ನಾನು ಹಲಸೂರಿನ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ವರದಿಗಳನ್ನು ತಾಳೆನೋಡುವ ಕೆಲಸದಲ್ಲಿದ್ದೆ. ಸಂಜೆ ಮನೆಗೆ ಬಂದ ಮೇಲೆ ಯಾರೊಂದಿಗೂ ಮಾತಾಡಬೇಕೆನಿಸುತ್ತಿರಲಿಲ್ಲ. ಭಾನುವಾರಗಳಲ್ಲಿ ಒಬ್ಬಳೇ ಕುಳಿತು ಎಲೆಯಾಟ ಆಡುತ್ತಿದ್ದೆ. ಜೊತೆಗೆ ಓದಿದ ಗೆಳತಿ ಮದುವೆಯಾಗಿ ರೂಮು ಖಾಲಿ ಮಾಡುವಾಗ ಬಿಟ್ಟುಹೋದ ಪೆಟ್ಟಿಗೆ ಅದು. ಇಬ್ಬರು ಆಡಬೇಕಾದ ಆಟ, ಎರಡೂ ಕೈ ನಾನೇ ಆಡುತ್ತಿದ್ದೆ.

ಒಂದು ಭಾನುವಾರ ಅಕ್ಕ ನೀರು ಬಂತಾ ಎಂದು ಕೇಳಲು ಬಂದು, ನೆಲದ ಮೇಲೆ ಹರಡಿದ್ದ ಎಲೆಗಳನ್ನು ನೋಡಿ ಹೊಸ್ತಿಲಲ್ಲೇ ನಿಂತರು.

"ಏನವ್ವಾ, ಒಬ್ಬಾಕಿನೇ ಇಸ್ಪೀಟ್ ಆಡಾಕತ್ತಿ? ಯಾರು ಗೆದ್ರು?"

"ಇಸ್ಪೀಟ್ ಅಲ್ಲ ಅಕ್ಕಾ. ಇದ್ರಲ್ಲಿ ಆಡೋ ಇಬ್ರೂ ಒಂದೇ ಕಡೆ. ಗೆದ್ರೆ ಇಬ್ರೂ ಗೆಲ್ತಾರೆ, ಸೋತ್ರೆ ಇಬ್ರೂ ಸೋಲ್ತಾರೆ."

"ಮತ್ತ ಎದುರಿಗಿರಾಂವ ಯಾರು?"

"ಆಟಾನೇ."

"ನಮ್ಮ ಡ್ಯೂಟಿ ಇದ್ದಂಗ ಐತಿ ಬಿಡು," ಎಂದು ಒಳಗೆ ಬಂದು ಗೋಡೆಗೊರಗಿ ಕೂತರು. ಹಾಗೆ ಶುರುವಾಯಿತು.

ಆಟದ ಕತೆ ಇಷ್ಟೇ. ಕಾಡು, ಜೌಗು, ಮುರಿದ ಸೇತುವೆ, ತೋಳಗಳ ಕಣಿವೆ ದಾಟಿ ಒಂದು ಕೋಟೆಯ ಬಾಗಿಲು ಮುಟ್ಟಬೇಕು. ಪ್ರತಿ ಸುತ್ತಿಗೂ ಆಟದ ಹಾಸಿನ ಮೇಲೆ ಕತ್ತಲಿನ ಕಾಯಿ ಒಂದು ಮನೆ ಮುಂದೆ ಬರುತ್ತದೆ. ಹನ್ನೆರಡನೇ ಮನೆಗೆ ಅದು ಬಂದಾಗ ಬಾಗಿಲು ಮುಚ್ಚಿಬಿಡುತ್ತದೆ. ಪ್ರತಿ ಎಲೆಯ ಮೇಲೂ ಒಬ್ಬ ಸಂಗಾತಿಯ ಚಿತ್ರ, ಅವರ ಬಲ ಎಷ್ಟು, ದಾರಿಯಲ್ಲಿ ಅವರಿಗೆ ಎಷ್ಟು ಬುತ್ತಿ ಬೇಕು ಎಂಬ ಎರಡು ಅಂಕಿ. ಪೆಟ್ಟಿಗೆಯಲ್ಲಿರುವ ಇನ್ನೂರು ಚಿಲ್ಲರೆ ಎಲೆಗಳಿಂದ ಪ್ರತಿಯೊಬ್ಬರೂ ಮೂವತ್ತನ್ನು ಆರಿಸಿ ತಮ್ಮ ಕಟ್ಟು ಕಟ್ಟಿಕೊಳ್ಳಬೇಕು. ಗೆಲ್ಲುವುದೋ ಸೋಲುವುದೋ ಅರ್ಧ ತೀರ್ಮಾನವಾಗುವುದು ಈ ಆಯ್ಕೆಯಲ್ಲೇ. ಇನ್ನೊಂದು ನಿಯಮವಿತ್ತು: ದಾರಿಯಲ್ಲಿ ಯಾರನ್ನಾದರೂ ಬಿಟ್ಟು ನಡೆದರೆ ಉಳಿದವರು ಒಂದು ಮನೆ ಮುಂದೆ ಹೋಗಬಹುದು.

ಎಲೆಗಳ ಮೇಲಿನ ಬರಹ ಇಂಗ್ಲಿಷಿನಲ್ಲಿತ್ತು. ಅಕ್ಕನಿಗೆ ಬಸ್ಸಿನ ಬೋರ್ಡು ಓದುವಷ್ಟು ಇಂಗ್ಲಿಷು ಬರುತ್ತಿತ್ತು. ನಾನು ಸಣ್ಣ ಚೀಟಿಗಳಲ್ಲಿ ಕನ್ನಡದಲ್ಲಿ ಬರೆದು ಪ್ರತಿ ಎಲೆಯ ಪ್ಲಾಸ್ಟಿಕ್ ಕವಚದೊಳಗೆ ತೂರಿಸಿದೆ. ನಾಲ್ಕು ಸಂಜೆ ಹಿಡಿಯಿತು. ಕೆಲವರು ಬಲಾಬಲ ನೋಡದೆ, ತಮಗೆ ಇಷ್ಟವಾದ ಒಂದೇ ವಿಷಯ ಇಟ್ಟುಕೊಂಡು ಕಟ್ಟು ಕಟ್ಟುತ್ತಾರೆ, ಬರೀ ಹಕ್ಕಿಗಳು, ಬರೀ ಬಿಲ್ಲುಗಾರರು ಹೀಗೆ, ಆದರೆ ಅದರಿಂದ ಗೆಲ್ಲುವುದು ಕಷ್ಟ ಎಂದು ಮಾತಿಗೆ ಹೇಳಿದ್ದೆ. ಹೇಳಬಾರದಿತ್ತೇನೋ. ಅಕ್ಕನ ಕಣ್ಣು ಅರಳಿತು.

ಕಟ್ಟು ಕಟ್ಟಿದ ಆ ಮಧ್ಯಾಹ್ನ ಅವರು ಬಿಸಿನೀರಿಗೆ ಕಲ್ಲುಪ್ಪು ಹಾಕಿದ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕುರ್ಚಿಯ ಮೇಲೆ ಕೂತಿದ್ದರು. ನಾನು ಕೆಳಗೆ ಕೂತು ಒಂದೊಂದೇ ಎಲೆ ತೋರಿಸುತ್ತಿದ್ದೆ.

"ಇಂವ ಯಾರು?"

"ಸರದಾರ. ಬಲ ಏಳು. ತುಂಬಾ ಒಳ್ಳೆ ಎಲೆ ಅಕ್ಕಾ ಇದು."

"ಕೆಳಗ ಏನದು, ಕುದುರಿ ಏನು? ಕುದುರಿ ಇದ್ದಾಂವಗ ನನ್ನ ಬಸ್ ಯಾಕ ಬೇಕು? ಆ ಕಡೆ ಇಡು."

"ಇವನು ಮಂತ್ರವಾದಿ. ಹದ್ದಿನ ಮೇಲೆ ಹಾರ್ತಾನೆ."

"ಹಾರ್ತಾನಾ! ಏರ್‌ಪೋರ್ಟ್ ಬಸ್ಸಿಗೆ ಹೋಗು ಅನ್ನು."

ಹೀಗೆ ಎರಡು ತಾಸು. ರಥದ ರಾಣಿ ಹೋದಳು, ದೋಣಿಯ ನಾಯಕ ಹೋದ, ಆನೆಯ ಮೇಲಿನ ರಾಜಕುಮಾರ ಹೋದ. ಉಳಿದವರು ನಡೆದು ಬರುವವರು ಮಾತ್ರ. ಬಾವಿ ತೋಡುವವನು, ಉಪ್ಪಿನ ಮೂಟೆ ಹೊತ್ತ ಹಮಾಲ, ಮೂರು ಮೇಕೆಗಳ ಹುಡುಗಿ, ಯುದ್ಧದಲ್ಲಿ ಕಾಲು ಊನವಾದ ಸಿಪಾಯಿ, ತುಂಬುಗರ್ಭಿಣಿ, ಊರೂರು ತಿರುಗಿ ಚಾಕು ಸಾಣೆ ಹಿಡಿಯುವವನು. ಮೊದಲು ಆರಿಸಿಟ್ಟದ್ದು ಒಬ್ಬ ಗಂಟು ಹೊತ್ತ ಮುದುಕಿಯನ್ನು. ಆ ಎಲೆಯನ್ನು ನಾನು ಬೇಡವೆಂದು ಪಕ್ಕಕ್ಕೆ ಸರಿಸಿದ್ದೆ. ಬಲ ಸೊನ್ನೆ, ಬುತ್ತಿ ಒಂದು.

"ಅಕ್ಕಾ, ಇವಳು ಏನೂ ಮಾಡಲ್ಲ. ಊಟ ಮಾತ್ರ ಮಾಡ್ತಾಳೆ."

"ಮತ್ತ ಉಣ್ಣಬಾರದೇನು?"

ಎಲೆಯನ್ನು ಅವರ ಕಟ್ಟಿನಲ್ಲಿಟ್ಟೆ.

ಆ ಮಳೆಗಾಲವೆಲ್ಲ ಆಡಿದೆವು. ಅವರ ವಾರದ ರಜೆ ಭಾನುವಾರ ಬಿದ್ದರೆ ಮಧ್ಯಾಹ್ನವೆಲ್ಲ, ಇಲ್ಲವಾದರೆ ಸಂಜೆ ಒಂದು ಗಂಟೆ. ಬಹಳ ಸಲ ಇಬ್ಬರಿಗೂ ಮಾತಾಡುವ ತ್ರಾಣ ಇರುತ್ತಿರಲಿಲ್ಲ. ಒಬ್ಬರು ಎಲೆ ಇಡುವುದು, ಇನ್ನೊಬ್ಬರು ನೋಡುವುದು. ಅವರ ಸರದಿ ಬಂದು ಹೊತ್ತಾದರೆ ತಲೆಯೆತ್ತಿ ನೋಡುತ್ತಿದ್ದೆ, ಕಣ್ಣು ಮುಚ್ಚಿರುತ್ತಿತ್ತು. ಎಲೆಗಳು ಮಾತ್ರ ಬೆರಳ ಸಂದಿಯಿಂದ ಜಾರುತ್ತಿರಲಿಲ್ಲ. ನಾನು ಎಬ್ಬಿಸುತ್ತಿರಲಿಲ್ಲ. ತಾವೇ ಎಚ್ಚರವಾಗಿ, "ಎಲ್ಲಿ ಬಂದ್ವಿ?" ಎನ್ನುತ್ತಿದ್ದರು. "ಜೌಗು ದಾಟಿದ್ವಿ ಅಕ್ಕಾ." "ಎಲ್ಲಾರೂ ಅದಾರಲ್ಲ?" "ಅದಾರೆ."

ಅದೊಂದನ್ನು ಅವರು ಪ್ರತಿ ಸುತ್ತಿಗೂ ಕೇಳುತ್ತಿದ್ದರು. ಹೊರಟವರನ್ನೆಲ್ಲ ಬೆರಳು ಮಡಚಿ ಎಣಿಸುತ್ತಿದ್ದರು. ಯಾರನ್ನಾದರೂ ಬಿಟ್ಟು ಒಂದು ಮನೆ ಮುಂದೆ ಹೋಗುವ ನಿಯಮವನ್ನು ಒಂದು ಸಲವೂ ಬಳಸಲಿಲ್ಲ. ನಾನು ನನ್ನ ಕಟ್ಟಿನಿಂದ ಬಿಡಲು ಹೊರಟರೂ ತಡೆಯುತ್ತಿದ್ದರು. "ನಡುದಾರ್ಯಾಗ ಇಳ್ಸೂದು ನನ್ನ ಕೈಲಿ ಆಗಂಗಿಲ್ಲವ್ವಾ. ಸೋತರ ಸೋಲೋಣ."

ಆಟದಲ್ಲಿ ಐದು ಹಂತ. ಮೊದಲ ನಾಲ್ಕನ್ನು ಹೇಗೋ ದಾಟಿದೆವು. ನಾಲ್ಕನೆಯದನ್ನು ಗೆದ್ದ ದಿನ ಅಕ್ಕ ಡ್ಯೂಟಿಯ ಸೀಟಿ ತೆಗೆದು ಜೋರಾಗಿ ಎರಡು ಸಲ ಊದಿಬಿಟ್ಟರು. ಕೆಳಗಿನಿಂದ ಮನೆ ಓನರ್ ಆಂಟಿ ಕೂಗಿದರು: "ಏನ್ರಮ್ಮಾ ಅದು, ಬಸ್ ಮಹಡಿಗೇ ಬಂತಾ?"

"ಬಂತ್ರೀ ಆಂಟಿ, ಸೀಟ್ ಖಾಲಿ ಐತಿ, ಬರ್ರಿ!"

ಐದನೆಯ ಹಂತ ದಾಟಲಾಗಲಿಲ್ಲ. ಒಂದು ಮನೆ, ಎರಡು ಮನೆ ಉಳಿದಿರುವಾಗ ಬಾಗಿಲು ಮುಚ್ಚುತ್ತಿತ್ತು. ಲೆಕ್ಕ ಸರಳವಾಗಿತ್ತು. ಅವರ ಕಟ್ಟಿನಲ್ಲಿ ಬಲವೇ ಇರಲಿಲ್ಲ.

ದೀಪಾವಳಿ ಮುಗಿದ ಮೇಲೆ ಅವರ ವರ್ಗದ ಆದೇಶ ಬಂತು. ಕಾಗದವನ್ನು ನನಗೆ ಕೊಟ್ಟು ಓದಿಸಿದರು. ಮತ್ತೊಮ್ಮೆ ಓದಿಸಿದರು. ಹದಿನೈದು ದಿನದೊಳಗೆ ಅಲ್ಲಿ ಹಾಜರಾಗಬೇಕಿತ್ತು. ಅವರ ಮುಖದಲ್ಲಿ ಸಂತೋಷ ಕಾಣಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು, ಮೆಟ್ಟಿಲ ತಿರುವಿನಲ್ಲಿ ಕಾಲು ಬರಲೆಂದು ಕಾದ ಹಾಗೆ. ಆಮೇಲೆ ಹೇಳಿದ ಮೊದಲ ಮಾತು, "ಹೋಗೂದ್ರಾಗ ಇವರನ್ನ ಒಂದ್ಸಲ ಬಾಗಿಲು ಮುಟ್ಟಿಸಬೇಕವ್ವಾ. ಅಷ್ಟು ಮಾಡಿ ಹೋಗ್ತೀನಿ."

ಮುಂದಿನ ಭಾನುವಾರ ಎರಡು ಸಲ ಆಡಿ ಎರಡೂ ಸಲ ಸೋತೆವು. ಉಳಿದದ್ದು ಇನ್ನೊಂದು ಭಾನುವಾರ.

ಎರಡೂ ಕಟ್ಟುಗಳು ನನ್ನ ಕಪಾಟಿನಲ್ಲೇ ಇರುತ್ತಿದ್ದವು. ಶನಿವಾರ ಕೆಲಸದಿಂದ ಬಂದವಳು ಅಕ್ಕನ ಮೂವತ್ತು ಎಲೆಗಳನ್ನು ಮೇಜಿನ ಮೇಲೆ ಸಾಲಾಗಿ ಹಾಸಿದೆ. ಒಂದು ವರದಿ ತಾಳೆಯಾಗದಿದ್ದರೆ ಯಾವ ಅಂಕಿಯಿಂದ ಕೆಟ್ಟಿದೆ ಎಂದು ಹುಡುಕುವುದು ನನ್ನ ಕೆಲಸ. ಹಾಗೇ ಹುಡುಕಿದೆ. ತೀರ ನಿರುಪಯೋಗಿಯಾದ ಮೂರು ಎಲೆಗಳನ್ನು ತೆಗೆದೆ: ಕುಂಟು ಸಿಪಾಯಿ, ತುಂಬುಗರ್ಭಿಣಿ, ಗಂಟಿನ ಮುದುಕಿ. ಅವುಗಳ ಜಾಗದಲ್ಲಿ ಕುದುರೆಯ ಸರದಾರನನ್ನೂ ಇನ್ನಿಬ್ಬರು ಬಲಶಾಲಿಗಳನ್ನೂ ಸೇರಿಸಿದೆ. ಮೂವತ್ತರಲ್ಲಿ ಮೂರು. ಕಲಸಿದರೆ ಗೊತ್ತಾಗುವುದಿಲ್ಲ ಎಂದುಕೊಂಡೆ. ಗೊತ್ತಾದರೂ ಕಡೆಯ ಆಟವೆಂದು ನಕ್ಕು ಆಡಿಬಿಡುತ್ತಾರೆ, ಗೆದ್ದು ಹೋಗುತ್ತಾರೆ ಎಂದುಕೊಂಡೆ. ಅವರಿಗಾಗಿ ಒಂದು ಒಳ್ಳೆಯ ಕೆಲಸ ಮಾಡಿದೆನೆಂಬ ನೆಮ್ಮದಿಯೂ ಇತ್ತು.

ಭಾನುವಾರ ಮಧ್ಯಾಹ್ನ ಅವರ ಮನೆಯಲ್ಲಿ ಸಾಮಾನು ಕಟ್ಟಿಯಾಗಿತ್ತು. ನನ್ನಲ್ಲಿ ಊಟ ಮಾಡಿ ಕೂತೆವು. ಮೂರನೇ ಸುತ್ತಿನಲ್ಲಿ ಅವರು ಒಂದು ಎಲೆ ಎತ್ತಿಕೊಂಡರು, ನೋಡಿದರು, ಕಿರುಬೆರಳಿನ ಬಳಿ ಸಿಕ್ಕಿಸಿಕೊಂಡರು. ಆಮೇಲೆ ಅದನ್ನು ಮುಟ್ಟಲಿಲ್ಲ. ಮೇಕೆಯ ಹುಡುಗಿಯನ್ನು ಆಡಿದರು. ಹಮಾಲನನ್ನು ಆಡಿದರು. ತೋಳಗಳ ಕಣಿವೆ ಬಂದಾಗ ನಮಗೆ ಬೇಕಾಗಿದ್ದ ಬಲ ಏಳು.

"ಅಕ್ಕಾ, ಕೈಯಲ್ಲಿ ಏನಾದ್ರೂ ಇದ್ಯಾ?"

"ಇಲ್ಲ."

ಅವರ ಕಿರುಬೆರಳನ್ನೇ ನೋಡುತ್ತಿದ್ದೆ. ಅವರೂ ನಾನು ನೋಡುತ್ತಿರುವುದನ್ನು ನೋಡಿದರು. ನಾನಾಗಿ ಹೇಳಿಬಿಡಲು ಉಳಿದ ಸುತ್ತುಗಳಲ್ಲೆಲ್ಲ ಅವಕಾಶವಿತ್ತು. ಹೇಳಲಿಲ್ಲ. ಕೋಟೆ ಎರಡು ಮನೆ ದೂರವಿರುವಾಗ ಕತ್ತಲು ಹನ್ನೆರಡನೇ ಮನೆಗೆ ಬಂತು.

ಅಕ್ಕ ಆ ಎಲೆಯನ್ನು ತೆಗೆದು ಚಾಪೆಯ ಮೇಲೆ ಅಂಗಾತ ಇಟ್ಟರು. ಬಿಳಿ ಕುದುರೆಯ ಸರದಾರ.

"ಇವನ್ನ ಯಾರು ಹತ್ತಿಸಿದ್ದು?"

"ನಾನೇ ಅಕ್ಕಾ."

"ಯಾಕ?"

"ನೀವು ಗೆದ್ದು ಹೋಗ್ಲಿ ಅಂತ."

"ಗೆಲ್ಲೂದಷ್ಟೇ ಇದ್ದಿದ್ರ ಇವನ್ನ ನಾನೇ ಮೊದಲ ದಿನ ಹತ್ತಿಸಿಕೊಳ್ತಿದ್ದಿಲ್ಲೇನು?" ದನಿಯಲ್ಲಿ ಸಿಟ್ಟಿರಲಿಲ್ಲ. ದಿನದ ಕಡೆಯ ಟ್ರಿಪ್ಪಿನ ದನಿ ಅದು. ಉಳಿದ ಎಲೆಗಳನ್ನು ತಿರುವಿ ಇನ್ನಿಬ್ಬರನ್ನೂ ಹುಡುಕಿ ಪಕ್ಕಕ್ಕಿಟ್ಟರು. "ಮೂರು ಮಂದಿ ಹತ್ತಿದ್ರು ಅಂದ್ರ ಮೂರು ಮಂದಿ ಇಳದಾರ. ಯಾರ‍್ನ ಇಳಿಸಿದಿ?"

ಹೇಳಿದೆ. ಸಿಪಾಯಿ ಎಂದಾಗ ಒಂದು ಬೆರಳು ಮಡಚಿದರು. ಗರ್ಭಿಣಿ ಎಂದಾಗ ಇನ್ನೊಂದು. ಮುದುಕಿ ಎಂದಾಗ ಎದ್ದು ಹೋಗಿ ಕಿಟಕಿಯ ಬಳಿ ನಿಂತರು. ಅಲ್ಲಿಂದಲೇ ಹೇಳಿದರು.

ಬಹಳ ಹಿಂದೆ ನಡೆದದ್ದಲ್ಲ, ಹೋದ ವರ್ಷದ್ದೇ. ಟಿನ್ ಫ್ಯಾಕ್ಟರಿಯಲ್ಲಿ ಒಬ್ಬ ಮುದುಕಿ ಗಂಟು ಹೊತ್ತುಕೊಂಡು ಹತ್ತಿದಳಂತೆ. ಹೆಂಗಸರಿಗೆ ಟಿಕೆಟ್ ಉಚಿತ, ಆದರೆ ಈ ರಾಜ್ಯದ ಗುರುತಿನ ಚೀಟಿ ತೋರಿಸಬೇಕು. ಆಕೆಯದು ತಮಿಳುನಾಡಿನ ಹೊಸೂರಿನ ಚೀಟಿ. ಕೈಯಲ್ಲಿ ಕಾಸೂ ಇರಲಿಲ್ಲ. ಬಸ್ಸು ತುಂಬಿತ್ತು, ಮುಂದಿನ ಸ್ಟಾಪಿನಲ್ಲಿ ಚೆಕಿಂಗ್‌ನವರು ನಿಂತಿದ್ದಾರೆಂದು ಎದುರಿಗೆ ಬಂದ ಬಸ್ಸಿನ ಡ್ರೈವರ್ ಕೈಸನ್ನೆ ಮಾಡಿ ಹೋಗಿದ್ದ. ಟಿಕೆಟ್ಟಿಲ್ಲದವರು ಸಿಕ್ಕರೆ ಮೆಮೊ, ಅಂದರೆ ಶಿಸ್ತುಕ್ರಮದ ನೋಟಿಸು, ಬರುವುದು ಕಂಡಕ್ಟರಿಗೆ.

"ಸೀಟಿ ಹೊಡದು ಇಳಿಸಿಬಿಟ್ಟೆ. ಸ್ಟಾಪ್ ಅಲ್ಲ ಏನಲ್ಲ, ಆ ತೂಗುಸೇತುವಿ ಹತ್ರ, ರಸ್ತಾದಾಗ. ನನ್ನ ಕಿಸೇದಿಂದ ಟಿಕೆಟ್ ಹರೀಬಹುದಿತ್ತು. ಏನು ಮಹಾ ರೊಕ್ಕ? ಆ ಹೊತ್ತಿನ್ಯಾಗ ಹೊಳೀಲಿಲ್ಲ. ದಣಿದಿದ್ದೆ, ಅಷ್ಟೇ. ಆಕಿ ಬೈದಿದ್ರ ಮರೀತಿದ್ದೆನೋ ಏನೋ. 'ಆಯ್ತು ಬಿಡಮ್ಮಾ' ಅಂದು ಇಳಿದ್ಲು. ಅತ್ತಾಗಿಂದ ಬಂದ ಗಾಡಿ ಎಷ್ಟು, ಇತ್ತಾಗಿಂದ ಎಷ್ಟು. ದಾಟಿದ್ಲೋ ಇಲ್ಲೋ, ತಿರುಗಿ ನೋಡೂದರಾಗ ಬಸ್ ಮುಂದ ಬಂದಿತ್ತು."

ಕಪಾಟಿನಿಂದ ಆ ಮೂರು ಎಲೆಗಳನ್ನು ತಂದು ಅವರ ಮುಂದೆ ಹಿಡಿದೆ. ಮುದುಕಿಯ ಎಲೆಯನ್ನು ಸೆರಗಿನಿಂದ ಒರೆಸಿ ಕಟ್ಟಿನೊಳಗೆ ಸೇರಿಸಿದರು. ಉಳಿದೆರಡನ್ನೂ ಸೇರಿಸಿ ಕಲಸಿದರು.

"ಇನ್ನೊಮ್ಮೆ ಆಡೂಣು. ಹೊತ್ತು ಐತಿ."

ಆಡಿದೆವು. ಮತ್ತೆ ಸೋತೆವು, ಬಾಗಿಲಿಗೆ ಒಂದೇ ಮನೆ ಉಳಿದಿತ್ತು. ಆ ಮೂವತ್ತು ಜನರನ್ನು ನಾವು ಕಡೆಗೂ ಕೋಟೆ ಮುಟ್ಟಿಸಲಿಲ್ಲ. ಕಟ್ಟನ್ನು ಅವರಿಗೇ ಕೊಟ್ಟೆ. ಬೇಡವೆಂದರು, ಆಮೇಲೆ ಇಸಿದುಕೊಂಡರು.

ಊರಿಗೆ ಹೋದ ಎಂಟನೇ ತಿಂಗಳಲ್ಲಿ ಅಕ್ಕ ತೀರಿಕೊಂಡರು. ಜ್ವರವೆಂದು ಮಲಗಿದವರು ವಾರದೊಳಗೆ ಹೋಗಿಬಿಟ್ಟರೆಂದು ಅವರ ತಮ್ಮ ಫೋನಿನಲ್ಲಿ ಹೇಳಿದರು. "ನಿಮ್ಮ ಬಗ್ಗೆ ಭಾಳ ಹೇಳ್ತಿದ್ಲರಿ, ಆಟದ ಹುಡುಗಿ ಅಂತ." ಮಗಳಿಗೆ ಒಂದು ಪತ್ರ ಬರೆದೆ. ಅಷ್ಟು ಬಿಟ್ಟು ಏನೂ ಮಾಡಲಾಗಲಿಲ್ಲ. ಕಾಯಿಲೆ ಏನಾಗಿತ್ತು, ಯಾವ ಪರೀಕ್ಷೆ ಮಾಡಿಸಿದರು ಎಂದು ಕೇಳಬೇಕೆನಿಸಿತು. ಲ್ಯಾಬಿನವಳ ಅಭ್ಯಾಸ. ಕೇಳಲಿಲ್ಲ.

ನಾನು ಮಾಡಿದ ತಪ್ಪುಗಳನ್ನು ಹೆಚ್ಚಾಗಿ ಇನ್ನೊಬ್ಬರ ಒಳ್ಳೆಯದಕ್ಕೆಂದೇ ಮಾಡಿದ್ದೇನೆ, ಲೆಕ್ಕ ಸರಿಯಿದೆ ಎಂಬ ಧೈರ್ಯದಲ್ಲಿ. ಅದನ್ನು ತೋರಿಸಿಕೊಟ್ಟವರು ಅವರೊಬ್ಬರೇ, ಅದೂ ಬೈಯದೆ. ಆ ಕಡೆಯ ಆಟದ ಭಾನುವಾರ ನಾನು ಕ್ಷಮೆ ಕೇಳಲಿಲ್ಲ. ತಟ್ಟೆ ತೊಳೆದೆ, ಚಾಪೆ ಸುತ್ತಿಟ್ಟೆ, ಅವರನ್ನು ಅವರ ಬಾಗಿಲವರೆಗೆ ಕಳಿಸಿ ಬಂದೆ.

ಮರುದಿನ ಸೋಮವಾರ, ಈ ಊರಿನಲ್ಲಿ ಅವರ ಕಡೆಯ ಡ್ಯೂಟಿ. ಬೆಳಿಗ್ಗೆ ಬೇಗ ಸ್ನಾನ ಮುಗಿಸಿ ಮುಖ್ಯರಸ್ತೆಯ ಸ್ಟಾಪಿಗೆ ಹೋದೆ. ಮೂರು ಬಸ್ಸು ಬಿಟ್ಟೆ. ನಾಲ್ಕನೆಯದರ ಹಿಂಬಾಗಿಲಲ್ಲಿ ಮೂರು ಭಾಷೆಗಳಲ್ಲಿ ಜನರನ್ನು ಒಳಗೆ ಕಳಿಸುತ್ತಿದ್ದ ಅವರ ದನಿ ಕೇಳಿಸಿತು: "ಮುಂದೆ ಹೋಗಿ, ಮುಂದೆ ಜಾಗ ಇದೆ. ಉಳ್ಳೆ ಪೋಮ್ಮಾ. ಭಾಯ್, ಅಂದರ್ ಚಲೋ, ಬಾಗಿಲಲ್ಲಿ ನಿಲ್ಬೇಡಿ." ಹತ್ತಿ ನಿಂತೆ. ಜನರ ನಡುವೆ ದಾರಿ ಮಾಡಿಕೊಂಡು ನನ್ನ ತನಕ ಬಂದವರು ಒಂದು ಕ್ಷಣ ನಿಂತರು. ಮುಖದಲ್ಲಿ ಏನೂ ತೋರಿಸಲಿಲ್ಲ.

"ಎಲ್ಲಿಗೆ?"

ಲ್ಯಾಬಿರುವ ಹಲಸೂರು ಎನ್ನಬೇಕಿತ್ತು. "ಶಿವಾಜಿನಗರ," ಎಂದೆ.

"ಕಾರ್ಡ್ ತೋರ್ಸಿ."

ತೋರಿಸಿದೆ. ಎಲ್ಲರದನ್ನು ನೋಡಿದ ಹಾಗೇ ಅದನ್ನೂ ನೋಡಿ, ಟಿಕೆಟ್ ಕೊಟ್ಟು ಮುಂದೆ ಹೋದರು. ಇಂದಿರಾನಗರ ದಾಟಿತು. ಹಲಸೂರಿನಲ್ಲಿ ನನ್ನ ಜೊತೆ ಕೆಲಸ ಮಾಡುವವಳೊಬ್ಬಳು ರಸ್ತೆ ದಾಟುತ್ತಿರುವುದು ಕಿಟಕಿಯಿಂದ ಕಾಣಿಸಿತು. ಇಳಿಯಲಿಲ್ಲ. ಶಿವಾಜಿನಗರದಲ್ಲಿ ಎಲ್ಲರೂ ಇಳಿದ ಮೇಲೆ ಇಳಿದೆ.

ಡ್ರೈವರ್ ಕ್ಯಾಬಿನ್ನಿನಿಂದ ಧುಮುಕಿ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಅಕ್ಕ ಚೀಲ ಹೆಗಲಿಗೇರಿಸಿಕೊಂಡು ನನ್ನನ್ನು ನೋಡಿದರು.

"ಟೀ ಕುಡೀತಿಯೇನು?"

ಗೂಡಂಗಡಿಯ ಮುಂದೆ ಮೂವರೂ ನಿಂತೆವು. "ಯಾರಕ್ಕಾ ಇವ್ರು?" ಎಂದು ಡ್ರೈವರ್ ಕೇಳಿದರು.

"ನಮ್ಮ ಎದುರು ಮನೀ ಹುಡುಗಿ," ಎಂದರು ಅಕ್ಕ, ಟೀ ಊದುತ್ತ. "ನನ್ನ ಜೋಡಿ ಕೂತು ಸೋಲಾಕಿ."

ಡ್ರೈವರಿಗೆ ಅರ್ಥವಾಗಲಿಲ್ಲ, ಆದರೂ ನಕ್ಕರು. ಬಸ್ಸು ಮತ್ತೆ ಹೊರಡಲು ಇನ್ನೂ ಹತ್ತು ನಿಮಿಷವಿತ್ತು. ನಾನು ಗಡಿಯಾರ ನೋಡಲಿಲ್ಲ. ಇನ್ನೂ ಮೂರು ಟೀ ಹೇಳಿದೆ.